ಸಿಟ್ಟಾದವರ ಪಟ್ಟಿ

ಹೋದ ತಿಂಗಳು ನಮ್ಮ ಲ್ಯಾಬಿನಲ್ಲಿ ಒಂದು ಬೀಳ್ಕೊಡುಗೆ ಸಮಾರಂಭ ನಡೆಯಿತು. ಶಾಲು ಇತ್ತು, ಹಣ್ಣಿನ ಬುಟ್ಟಿ ಇತ್ತು, ಸುಗಂಧರಾಜದ ಹಾರ ಇತ್ತು, ಮಾತಾಡಲು ನಾಲ್ಕು ಜನ ಚೀಟಿ ಬರೆದುಕೊಂಡು ಬಂದಿದ್ದರು. ಬೀಳ್ಕೊಡಿಸಿಕೊಳ್ಳಬೇಕಾದವರು ಮಾತ್ರ ಇರಲಿಲ್ಲ. ಐದೂವರೆಗೆ ಕೆಲಸ ಮುಗಿಸಿ, ಮೈಕ್ರೋಸ್ಕೋಪಿಗೆ ಕವರು ಹಾಕಿ, ಚೀಲ ಹೆಗಲಿಗೇರಿಸಿಕೊಂಡು ಅವರು ಸರಸ್ವತಿ ನಗರದ ಮನೆಗೆ ಹೊರಟುಹೋಗಿದ್ದರು.

ತಪ್ಪು ನಮ್ಮದೇ. ಒಂದು ವಾರ ಮೊದಲೇ ಅವರು ಎಲ್ಲರೆದುರು, ಕಾರ್ಯಕ್ರಮ ಬ್ಯಾಡ, ಇಟ್ಟರೆ ನಾನು ಬರುವುದಿಲ್ಲ ಎಂದು ಹೇಳಿದ್ದರು. ದಾವಣಗೆರೆಯಲ್ಲಿ ಯಾರಾದರೂ ಸನ್ಮಾನ ಬ್ಯಾಡ ಅಂದರೆ, ಶಾಲು ಸ್ವಲ್ಪ ಒಳ್ಳೆಯದು ತನ್ನಿ ಎಂದು ಅರ್ಥ ಮಾಡಿಕೊಳ್ಳುವ ಜನ ನಾವು. ಹತ್ತೊಂಬತ್ತು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತ ನಾನಾದರೂ ತಡೆಯಬೇಕಿತ್ತು. ಹಾರ ತಂದವಳೇ ನಾನು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಬಗ್ಗೆ ಬರೆಯಲಾ ಎಂದು ಕೇಳಿದಾಗ, ಬರೀರಿ, ಹೆಸರು ಬ್ಯಾಡ ಎಂದರು. ಈ ಸಲ ಅದನ್ನು ಬ್ಯಾಡ ಅಂತಲೇ ತಿಳಿದುಕೊಂಡಿದ್ದೇನೆ. ಲ್ಯಾಬಿನಲ್ಲಿ ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು, ಇಲ್ಲೂ ಹಾಗೇ ಇರಲಿ.

ನಾನು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಕೆಲಸಕ್ಕೆ ಸೇರಿದ ದಿನ, ಮೊದಲ ದಿನವಲ್ಲವೇ ಎಂದು ಅಮ್ಮಿ ತಲೆಗೆ ಎರಡು ಮೊಳ ಮಲ್ಲಿಗೆ ಮುಡಿಸಿ ಕಳಿಸಿದ್ದಳು. ಒಳಗೆ ಕಾಲಿಡುತ್ತಲೇ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಒಬ್ಬ ತೆಳ್ಳನೆಯ ಹೆಂಗಸು, ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡವರು, ತಲೆ ಎತ್ತದೆ, "ಹೂವು ಹೊರಗಿಟ್ಟು ಬರ್ರಿ. ವಾಸನೆ ಬಂದ್ರೆ ನಂಗೆ ಕಣ್ಣು ಕಾಣಲ್ಲ" ಎಂದರು. ಟ್ಯೂಬ್‌ಲೈಟ್ ಹಾಕುವಂತಿಲ್ಲ, ಅದು ನಡುಗುತ್ತದೆ. ಹಿಂದಿನಿಂದ ಬಂದು ಮುಟ್ಟುವಂತಿಲ್ಲ. ಮಧ್ಯಾಹ್ನ ಒಂದೂಕಾಲಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಹತ್ತೊಂಬತ್ತು ವರ್ಷದಲ್ಲಿ ಆ ಡಬ್ಬಿಯಿಂದ ಬೇರೇನಾದರೂ ಹೊರಬಂದದ್ದನ್ನು ನಾನು ನೋಡಿಲ್ಲ. ಆವತ್ತು ಸಂಜೆ ಮನೆಗೆ ಬಂದು, ಆ ಹೆಂಗಸಿನ ಜೊತೆ ನನ್ನಿಂದಾಗದು ಎಂದೆ. ಕೆಲಸ ಕಲಿಸುವವರ ಹತ್ತಿರ ಸ್ವಭಾವ ಕೇಳಬಾರದು ಎಂದು ಅಮ್ಮಿ ಬೈದಳು.

ಕೆಲಸ ಎಂದರೆ ಕೆಲಸ. ಒಂದು ಮಳೆಗಾಲ, ಡೆಂಗಿ ಜ್ವರದ ದಿನಗಳು, ರೋಗಿಗಳು ಕಾಯುವ ನಮ್ಮ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬ ಲಾರಿ ಡ್ರೈವರನ ಪ್ಲೇಟ್ಲೆಟ್ ತೀರ ಕೆಳಗಿಳಿದಿದೆ ಎಂದು ಮಷಿನ್ ಹೇಳಿತು. ಮನೆಯವರು ಅಳುತ್ತ ದೊಡ್ಡ ಊರಿಗೆ ಒಯ್ಯಲು ಆಂಬುಲೆನ್ಸ್ ಕರೆಸಿದ್ದರು. ಮೇಡಂ ಆ ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ, ಕಣ್ಣಿಟ್ಟು ಕೂತರು. ಅರ್ಧ ನಿಮಿಷ ಆಗಿರಬೇಕು. ನನ್ನನ್ನು ಕರೆದು ತೋರಿಸಿದರು. ಸ್ಲೈಡಿನ ಅಂಚಿನಲ್ಲಿ ಕಣಗಳು ಒಂದಕ್ಕೊಂದು ಅಂಟಿಕೊಂಡು ಗುಂಪುಗುಂಪಾಗಿದ್ದವು, ಮಷಿನ್ ಅವನ್ನು ಎಣಿಸಿರಲಿಲ್ಲ. ಬೇರೆ ಕೊಳವೆಯಲ್ಲಿ ಹೊಸದಾಗಿ ರಕ್ತ ತೆಗೆಸಿ ನೋಡಿದರೆ ಎಲ್ಲ ಸರಿಯಿತ್ತು. ಅವರು ಹಾಲಿಗೆ ಹೋಗಿ, ಪ್ಲೇಟ್ಲೆಟ್ ಸರಿ ಅದಾವೆ, ಆಂಬುಲೆನ್ಸ್ ವಾಪಸ್ ಕಳಿಸ್ರಿ ಎಂದಷ್ಟೇ ಹೇಳಿ ತಿರುಗಿ ಬಂದರು. ಡ್ರೈವರನ ತಾಯಿ ಕೈಮುಗಿದು ನಿಂತಿದ್ದಳು. ಆ ಕೈ ಮುಗಿದದ್ದು ಇವರ ಬೆನ್ನಿಗೆ.

ಮುಖ ಅವರಿಗೆ ನೆನಪಿರುತ್ತಿರಲಿಲ್ಲ. ಎಸ್.ಎಸ್. ಬಡಾವಣೆಯಲ್ಲಿ ಸ್ವಂತ ಮನೆ ಇದ್ದ ಒಬ್ಬ ಅಡಿಕೆ ವ್ಯಾಪಾರಿ ಹತ್ತು ವರ್ಷದ ಮೇಲೆ ಮತ್ತೆ ಲ್ಯಾಬಿಗೆ ಬಂದು, ಮೇಡಂ ನನ್ನ ಗುರ್ತು ಸಿಕ್ಕಿತಾ ಎಂದು ನಗುತ್ತ ಕೇಳಿದರು. ಇವರು ಇಲ್ಲ ಎಂದರು. ಸ್ಲೈಡು ನೋಡಿದ ಮೇಲೆ ಹೊರಗೆ ಬಂದು, ಈಗ ಗುರುತು ಸಿಕ್ಕಿತು, ನಿಮ್ಮ ಕೆಂಪು ಕಣಗಳು ಆಗಲೂ ಹೀಗೇ ಚಿಕ್ಕವಿದ್ದವು ಎಂದರು. ವ್ಯಾಪಾರಿಗೆ ಖುಷಿಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಇಂಥ ಕಣ್ಣು ದೇವರು ಎಷ್ಟು ಜನರಿಗೆ ಕೊಟ್ಟಾನು?

ಕಣ್ಣಿಗೆ ಸಿಕ್ಕ ಮರ್ಯಾದೆ ಮಾತಿಗೆ ಸಿಗಲಿಲ್ಲ. ಧಿಮಾಕು ಎಂದವರಿದ್ದರು, ಕಲ್ಲು ಎಂದವರಿದ್ದರು. ನಾನೂ ಅಂದಿದ್ದೇನೆ. ಅಮ್ಮಿ ತೀರಿಕೊಂಡಾಗ ಹತ್ತನೇ ದಿನದ ಫಾತಿಹಾ ಮುಗಿಸಿ ಕೆಲಸಕ್ಕೆ ಬಂದೆ. ಒಬ್ಬೊಬ್ಬರೇ ಬಂದು ಕೈ ಹಿಡಿದು ಮಾತಾಡಿಸಿದರು. ಮೇಡಂ ನನ್ನ ಮುಂದೆ ನಿಂತು, "ನಿಮ್ಮ ತಾಯಿ ಕಿಡ್ನಿ ರಿಪೋರ್ಟ್ ಮೂರು ತಿಂಗಳಿಂದ ಏರ್ತಾ ಇತ್ತು. ನಾನು ಕೆಂಪು ಗೆರೆ ಹಾಕಿ ಕೊಟ್ಟಿದ್ದೆ" ಎಂದರು. ಆ ಗೆರೆ ನೋಡಿಯೂ ಅಮ್ಮಿಯನ್ನು ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ತಡಮಾಡಿದವಳು ನಾನೇ ಆಗಿದ್ದೆ. ಅಂದಿನಿಂದ ಎಂಟು ತಿಂಗಳು ಅವರ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಆಮೇಲೆ ಆಡಿದರೂ ಮನಸ್ಸಿನ ಕಹಿ ಹೋಗಿರಲಿಲ್ಲ.

ಇನ್ನು ಅವರಿಗೆ ಐವತ್ಮೂರು ವರ್ಷವಾಗಿದ್ದಾಗಿನ ಸಂಗತಿ. ನಮ್ಮ ಮೇಲಿನ ಮಹಡಿಯಲ್ಲಿ ಮಕ್ಕಳ ಡಾಕ್ಟರಮ್ಮನ ಕ್ಲಿನಿಕ್ ಇತ್ತು, ಪ್ರಿಂಟರ್ ಇಬ್ಬರಿಗೂ ಒಂದೇ. ಒಂದು ದಿನ ಪ್ರಿಂಟರಿನಲ್ಲಿ ಮೇಲಿನವರ ಹಾಳೆಗಳು ಉಳಿದಿದ್ದವು. ತಂದೆತಾಯಿ ತುಂಬಿಕೊಡಬೇಕಾದ ಪ್ರಶ್ನೆಗಳು: ನಿಮ್ಮ ಮಗು ದಿನವೂ ಒಂದೇ ಊಟ ಕೇಳುತ್ತದೆಯೇ, ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತದೆಯೇ, ಎದುರಿನವರ ಮುಖ ನೋಡಿ ಮಾತಾಡುತ್ತದೆಯೇ. ಮೇಡಂ ನಿಂತಲ್ಲೇ ಓದಿದರು, ಕೂತು ಇಡೀ ಹಾಳೆ ತುಂಬಿದರು, ಮಗುವಿನ ವಯಸ್ಸು ಎಂಬಲ್ಲಿ ಐವತ್ಮೂರು ಎಂದು ಬರೆದರು, ಮೇಲೆ ಒಯ್ದು ಡಾಕ್ಟರಮ್ಮನ ಕೈಗೆ ಕೊಟ್ಟರು. ಡಾಕ್ಟರಮ್ಮ ಮೊದಲು ನಕ್ಕರಂತೆ. ಆಮೇಲೆ ಬಾಗಿಲು ಹಾಕಿಸಿ ಒಂದು ಗಂಟೆ ಮಾತಾಡಿದರು, ದೊಡ್ಡವರಿಗೆ ಈ ಪರೀಕ್ಷೆ ಮಾಡುವ ಮನೋವೈದ್ಯರೊಬ್ಬರಿಗೆ ಚೀಟಿ ಬರೆದುಕೊಟ್ಟರು.

ಮೇಡಂ ಅವರ ಹತ್ತಿರ ನಾಲ್ಕು ಸಲ ಹೋಗಿ ಬಂದರು. ನಿಮ್ಮ ಬಾಲ್ಯ ನೋಡಿದವರು ಯಾರಾದರೂ ಇದ್ದರೆ ಕರೆತನ್ನಿ ಎಂದು ಅಲ್ಲಿ ಕೇಳಿದರಂತೆ. ನೋಡಿದವರು ಒಬ್ಬರೇ ಇದ್ದರು, ಹರಿಹರದ ಅಕ್ಕ. ಮೇಡಂ ಹುಟ್ಟಿದ್ದು ಕೊಕ್ಕನೂರಿನಲ್ಲಿ. ಎರಡು ವರ್ಷದ ಕೂಸಾಗಿದ್ದಾಗ ತಾಯಿ ತೀರಿಹೋದರು, ಹದಿನಾರರ ಅಕ್ಕ ಎತ್ತಿ ಬೆಳೆಸಿದರು. ಮದುವೆಯಾಗಿ ಹರಿಹರಕ್ಕೆ ಹೋಗುವಾಗ ತಂಗಿಯನ್ನೂ ಕರೆದುಕೊಂಡೇ ಹೋದರು, ಓದಿಸಿದರು. ಆ ಅಕ್ಕ ತಂಗಿಯ ಜೊತೆ ಮಾತು ಬಿಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಕರೆತರುವಂಥವರು ಯಾರೂ ಇಲ್ಲ ಎಂದು ಮೇಡಂ ಬರೆದುಕೊಟ್ಟರು.

ವರದಿ ಬಂದ ದಿನ ಅದನ್ನು ನನ್ನ ಮೇಜಿನ ಮೇಲಿಟ್ಟು ಓದ್ರಿ ಎಂದರು. ಓದಿದೆ. ಆಟಿಸಂ ಎಂದಿತ್ತು. ನನಗೆ ತೋಚಿದ್ದೇ ಹೇಳಿದೆ: ಮೇಡಂ, ಇದು ಮಕ್ಕಳಿಗೆ ಇರುವುದಲ್ಲವಾ?

"ಮಗು ಆಗಿದ್ದಾಗಲೂ ಇತ್ತು. ಯಾರೂ ಸ್ಯಾಂಪಲ್ ತಗೊಂಡಿರಲಿಲ್ಲ" ಎಂದರು.

ನನಗೆ ನಗು ಬಂತು, ಅವರು ನಗಲಿಲ್ಲ. ಅವರು ಎಲ್ಲವನ್ನೂ ಹೀಗೆಯೇ ಸ್ವೀಕರಿಸುತ್ತಾರೆ, ಬೇರೆಯವರ ರಿಪೋರ್ಟಿಗೆ ಸಹಿ ಹಾಕಿದ ಹಾಗೆ ತಮ್ಮದಕ್ಕೂ ಹಾಕಿ ಮುಂದೆ ಹೋಗುತ್ತಾರೆ ಎಂದುಕೊಂಡೆ. ನನ್ನ ಅಂದಾಜು ತಪ್ಪಿತ್ತು. ಒಂದು ತಿಂಗಳಾದ ಮೇಲೆ ಒಂದೂಕಾಲಾದರೂ ಅವರು ಊಟಕ್ಕೆ ಬರಲಿಲ್ಲ. ಹುಡುಕಿದರೆ ಸ್ಟೋರ್ ರೂಮಿನಲ್ಲಿ, ಔಷಧಿ ಡಬ್ಬಗಳ ನಡುವೆ ನೆಲದ ಮೇಲೆ ಕೂತಿದ್ದರು. ಆಟಿಸಂ ಅಂದರೆ ಕೆಟ್ಟತನ ಅಲ್ಲ ಮೇಡಂ ಎಂದು ಸಮಾಧಾನ ಹೇಳಲು ಹೋದೆ.

"ಗೊತ್ತು. ಕಷ್ಟ ಇರೋದೇ ಅಲ್ಲಿ. ಇಷ್ಟು ವರ್ಷ ನಾನು ಕೆಟ್ಟವಳು ಅಂದ್ಕೊಂಡಿದ್ದೆ. ಕೆಟ್ಟವರು ಒಳ್ಳೇರಾಗಬಹುದು. ದಿನಾ ಪ್ರಯತ್ನ ಮಾಡ್ತಿದ್ದೆ. ಈಗ ಏನು ಮಾಡಬೇಕು ಹೇಳ್ರಿ."

ನಾನೂ ಪಕ್ಕದಲ್ಲಿ ಕೂತೆ, ಅಷ್ಟೇ. ಎಲ್ಲರೂ ಕಲ್ಲು ಎಂದ ಹೆಂಗಸು ಐವತ್ತು ವರ್ಷ ದಿನವೂ ಒಳ್ಳೆಯವಳಾಗಲು ಹೆಣಗಿದ್ದಳು ಎಂಬುದು ಆವತ್ತೇ ನನಗೆ ಗೊತ್ತಾದದ್ದು.

ಏನು ಮಾಡಬೇಕು ಎಂಬುದನ್ನು ಕೊನೆಗೆ ಅವರೇ ಕಂಡುಕೊಂಡರು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಹನ್ನೊಂದು ಹೆಸರು ಬರೆದರು, ತಮ್ಮ ಮೇಲೆ ಸಿಟ್ಟಾದವರು, ಮಾತು ಬಿಟ್ಟವರು. ಒಂದೊಂದು ಹೆಸರಿನ ಮುಂದೆ ಆವತ್ತು ತಾವು ಆಡಿದ ಮಾತು, ಅವರು ಆಡಿದ ಮಾತು, ಒಂದಕ್ಷರ ಬಿಡದೆ. ಕಾರಣ ಎಂಬ ಜಾಗ ಮಾತ್ರ ಖಾಲಿ. ರಜೆಯ ದಿನಗಳಲ್ಲಿ ಒಬ್ಬೊಬ್ಬರ ಮನೆಗೆ ಹೋಗಿ, ನಾನು ಮಾಫಿ ಕೇಳಲು ಬಂದಿಲ್ಲ, ನಿಮಗೆ ಯಾಕೆ ಸಿಟ್ಟು ಬಂತು ಎಂದು ತಿಳಿಯಲು ಬಂದಿದ್ದೇನೆ, ಹೇಳಿದರೆ ಬರೆದುಕೊಳ್ಳುತ್ತೇನೆ ಎನ್ನುತ್ತಿದ್ದರು.

ಹೀಗೆ ಮಾಡಿದವರನ್ನು ನಾನು ಕಂಡಿಲ್ಲ, ಕೇಳಿಲ್ಲ. ಜನ ಕ್ಷಮೆ ಕೇಳುವುದೇ ಕಷ್ಟ. ಕೇಳಿದರೂ ಆದದ್ದು ಆಯಿತು ಬಿಡಿ ಎಂದು ಬೇಗ ಮುಚ್ಚಿಬಿಡುತ್ತಾರೆ. ಇವರು ಮುಚ್ಚಿದ್ದನ್ನು ತೆಗೆದು ನೋಡಲು ಹೊರಟಿದ್ದರು, ಅದೂ ಪೆನ್ನು ಹಿಡಿದುಕೊಂಡು. ಒಬ್ಬರು ಬಾಗಿಲು ಹಾಕಿಕೊಂಡರು. ಒಬ್ಬ ಟೈಲರ್ ಹೊಟ್ಟೆ ಹಿಡಿದುಕೊಂಡು ನಕ್ಕು, ಹೊಲಿದ ಜಾಕೀಟನ್ನು ಗಿರಾಕಿಗಳ ಮುಂದೆಯೇ ಚೆನ್ನಾಗಿಲ್ಲ ಅಂದರೆ ಸಿಟ್ಟು ಬರುವುದಿಲ್ಲವಾ ತಾಯಿ ಎಂದನಂತೆ. ಒಬ್ಬ ಹೆಂಗಸಿಗೆ ಜಗಳವೇ ನೆನಪಿರಲಿಲ್ಲ. ಹದಿನೈದು ವರ್ಷ ಇವರೊಬ್ಬರೇ ಅದನ್ನು ಹೊತ್ತುಕೊಂಡು ತಿರುಗಿದ್ದರು.

ಏಳನೆಯ ಹೆಸರು ನನ್ನದು. ಮನೆಗೆ ಬಂದು ನಮ್ಮ ಹಾಲಿನಲ್ಲಿ ಕೂತು ಅದೇ ಪ್ರಶ್ನೆ ಕೇಳಿದರು. ನಾನು ಸುಳ್ಳು ಹೇಳಲಿಲ್ಲ. ಅಮ್ಮಿ ಸತ್ತ ಮೇಲೆ ನನಗೆ ಯಾರಾದರೂ ಜೊತೆಗೆ ಅಳುವವರು ಬೇಕಿದ್ದರು, ನೀವು ರಿಪೋರ್ಟ್ ಓದಿದಿರಿ, ತಪ್ಪು ನನ್ನದು ಎಂದು ಬೊಟ್ಟು ಮಾಡಿದಂತಾಯಿತು ಎಂದೆ. ಹೇಳುತ್ತ ಹೇಳುತ್ತ ದನಿ ಏರಿತು. ಅವರು ಬರೆದುಕೊಂಡರು. ಬರೆದ ಮೇಲೆ ಹಾಳೆಯನ್ನೇ ನೋಡುತ್ತ ಹೇಳಿದರು:

"ಆ ಕೊನೇ ಸ್ಯಾಂಪಲ್ ನಾನು ಮೂರು ಸಲ ಹಾಕಿದ್ದೆ. ಮಷಿನ್ ತಪ್ಪಿರಬಹುದು, ಕಡಿಮೆ ಬರ್ಲಿ ಅಂತ. ಮೂರು ಸಲನೂ ಅಷ್ಟೇ ಬಂತು. ಅದನ್ನ ನಿಮಗೆ ಹೇಳಬೇಕಿತ್ತೇನೋ."

ಹೇಳಬೇಕಿತ್ತು. ಹೇಳಿದ್ದರೆ ಆವತ್ತೇ ಅವರ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದೆ, ಮುಟ್ಟುವಂತಿಲ್ಲ ಎಂಬುದನ್ನೂ ಮರೆತು. ನನ್ನ ಅಮ್ಮಿಗಾಗಿ ಅಷ್ಟು ಮಾಡಿದವರು ಆ ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ.

ಹನ್ನೊಂದನೆಯ ಹೆಸರು ಹರಿಹರದ ಅಕ್ಕ. ಅಲ್ಲಿಗೆ ಒಬ್ಬರೇ ಹೋಗಲು ಅವರಿಗೆ ಧೈರ್ಯವಾಗಲಿಲ್ಲ, ನೀವು ಬರ್ತೀರಾ ಎಂದರು. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಅರ್ಧ ಗಂಟೆಯ ದಾರಿ. ದಾರಿಯಲ್ಲಿ, ಇಪ್ಪತ್ತೆರಡು ವರ್ಷದ ಹಿಂದೆ ನಡೆದದ್ದನ್ನೆಲ್ಲ ಹೇಳಿದರು.

ಅಕ್ಕನ ಮಗಳ ಮದುವೆ. ಅಕ್ಕನ ಗಂಡ ತೀರಿಕೊಂಡು ವರ್ಷವಾಗಿತ್ತು, ಎಲ್ಲ ಭಾರವೂ ಅಕ್ಕನ ಮೇಲೆ. ಬೀಗರ ಪಂಕ್ತಿಗೆ ಹೋಳಿಗೆ ಬಡಿಸುವ ಕೆಲಸವನ್ನು ತಂಗಿಗೆ ಕೊಟ್ಟರು, ಹೆಣ್ಣಿನ ಚಿಕ್ಕಮ್ಮ ಬಡಿಸಿದರೆ ಗೌರವ ಎಂದು. ಗಂಡಿನ ಕಡೆಯವರು ಎಲೆಯ ಮೇಲೆ ಕೈ ಅಡ್ಡ ಹಿಡಿದು ಬ್ಯಾಡ ಬ್ಯಾಡ ಎನ್ನಬೇಕು, ಬಡಿಸುವವರು ಕೈ ಸರಿಸಿ ಎರಡು ಹಾಕಲೇಬೇಕು. ನಮ್ಮಲ್ಲೂ ಊಟಕ್ಕೆ ಹಾಸಿದ ದಸ್ತರ್‌ಖಾನಿನ ಮುಂದೆ ಬಸ್ ಬಸ್, ಸಾಕು ಸಾಕು ಅಂದವರ ತಟ್ಟೆಗೇ ಇನ್ನೊಂದು ಚಮಚ ಬೀಳುವುದು. ಮೇಡಂಗೆ ಇದನ್ನು ಯಾರೂ ಹೇಳಿರಲಿಲ್ಲ, ಹೇಳಿಸಿಕೊಂಡು ಕಲಿಯುವ ವಿಷಯವೂ ಅಲ್ಲ. ಮೊದಲನೆಯವರು ಬ್ಯಾಡ ಅಂದರು, ಇವರು ಮುಂದಿನ ಎಲೆಗೆ ಹೋದರು. ಅವರೂ ಬ್ಯಾಡ ಅಂದರು. ಹೀಗೆ ನಲವತ್ತು ಎಲೆ ದಾಟಿ, ತುಂಬಿದ ಪುಟ್ಟಿಯನ್ನು ಹಾಗೇ ಅಡುಗೆಮನೆಗೆ ತಂದಿಟ್ಟು, ಯಾರಿಗೂ ಬ್ಯಾಡಂತೆ ಎಂದು ವರದಿ ಒಪ್ಪಿಸಿದರು. ಬೀಗರು ಅರ್ಧ ಊಟಕ್ಕೇ ಎದ್ದರು. ಗಂಡಿಲ್ಲದ ಮನೆಯವರು ನಮ್ಮನ್ನು ಕರೆದು ಅವಮಾನ ಮಾಡಿದರು ಎಂದು ಛತ್ರವೆಲ್ಲ ಗುಲ್ಲಾಯಿತು. ಬಸ್ಸಿನಲ್ಲಿ ಇದನ್ನು ಕೇಳುತ್ತ ನನಗೆ ಒಂದು ಕಡೆ ನಗು, ಒಂದು ಕಡೆ ಸಂಕಟ. ಆ ಬ್ಯಾಡದ ಅರ್ಥ ಬಿಡಿಸಿ ಹೇಳಿದೆ, ಅವರು ಬರೆದುಕೊಂಡರು.

ಅಕ್ಕನ ಮನೆ ದೇವಸ್ಥಾನದ ಹತ್ತಿರದ ಬೀದಿಯಲ್ಲಿ. ಅಕ್ಕ ಜಗಲಿಯ ಮೇಲೆ ಮೊರ ಇಟ್ಟುಕೊಂಡು ತೊಗರಿಬೇಳೆ ಆರಿಸುತ್ತಿದ್ದರು. ತಂಗಿಯನ್ನು ನೋಡಿದರು, ಕೈ ನಿಂತಿತು. ನನಗೆ, "ಬರ್ರಿ, ಕೂಡ್ರಿ" ಎಂದರು. ನನಗೆ ಮಾತ್ರ. ನಾನು ಮೇಲೆ ಹೋಗಿ ಕೂತೆ. ಮೇಡಂ ಮೆಟ್ಟಿಲ ಕೆಳಗೆ ಬಿಸಿಲಿನಲ್ಲೇ ನಿಂತರು. ಬನ್ನಿ ಎಂದು ಕಣ್ಸನ್ನೆ ಮಾಡಿದೆ, ಬರಲಿಲ್ಲ. ಅಲ್ಲಿಂದಲೇ ನೋಟ್‌ಬುಕ್ ತೆಗೆದು, ಹೋಳಿಗೆ ವಿಷಯಕ್ಕೆ ನಿನಗೆ ಸಿಟ್ಟು ಬಂದದ್ದು ಈಗ ತಿಳಿದಿದೆ ಅಕ್ಕ, ಅಷ್ಟೇನಾ, ಬೇರೆ ಏನಾದರೂ ಇದೆಯಾ ಎಂದು ಕೇಳಿದರು.

ಅಕ್ಕ ಮೊರ ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ನನಗೇ ಹೇಳುವಂತೆ ಹೇಳಿದರು. "ಹೋಳಿಗೇದು ಎಂಟು ದಿನಕ್ಕೆ ಹೋತ್ರಿ. ಬೀಗರೂ ಮರೆತ್ರು. ನಾನು ಅಡಿಗೆ ಮನೇಲಿ ಕುಂತು ಅಳ್ತಿದ್ದೆ. ಇವಳು ಬಾಗಿಲಾಗೆ ನಿಂತು ನೋಡಿದ್ಲು. ನೋಡಿ, ಚಪ್ಪಲಿ ಮೆಟ್ಕೊಂಡು ಹೊಂಟೋದ್ಲು. ಸೊಂಟದ ಮೇಲೆ ಹೊತ್ತು ಬೆಳೆಸಿದೀನ್ರಿ ಇವಳನ್ನ. ಅಕ್ಕ ಯಾಕ ಅಳ್ತೀಯ ಅಂತ ಒಂದು ಮಾತು ಕೇಳಲಿಲ್ಲ. ಇವತ್ತಿನ ತನಕ ಈ ಕಡೆ ತಲೆ ಹಾಕಲಿಲ್ಲ."

"ನೀನು ಹೋಗು ಅಂದಿ" ಎಂದರು ಮೇಡಂ.

ಅಕ್ಕ ಈಗ ಅವರ ಕಡೆ ತಿರುಗಿದರು.

"ನನ್ನ ಕಣ್ಮುಂದೆ ನಿಲ್ಲಬ್ಯಾಡ, ಹೋಗು ಅಂದಿ. ಹೋದೆ. ಮತ್ತೆ ಬಾ ಅಂತ ಹೇಳಲಿಲ್ಲ. ಕಾಯ್ತಾ ಇದ್ದೆ."

ರಿಪೋರ್ಟ್ ಓದುವಾಗಿನ ಅದೇ ದನಿ. ಇಪ್ಪತ್ತೆರಡು ವರ್ಷ! ಅರ್ಧ ಗಂಟೆಯ ದಾರಿಯಲ್ಲಿ ಕೂತು, ತಾಯಿಯಂಥ ಅಕ್ಕ ಬಾ ಎನ್ನಲಿ ಎಂದು ಈ ಹೆಂಗಸು ಕಾದಿದ್ದರು. ಮುನಿಸಿಕೊಂಡಿರಲಿಲ್ಲ, ಮರೆತಿರಲಿಲ್ಲ, ಹೇಳಿದ ಮಾತನ್ನು ಮೀರಿರಲಿಲ್ಲ. ಅಕ್ಕ ಇತ್ತ ತಂಗಿ ತಾನಾಗೇ ಬರಲಿ ಎಂದು ಕಾದಿದ್ದರು. ಆ ಜಗಲಿಯ ಮೇಲೆ ಕೂತ ನನಗೆ ನನ್ನ ಪ್ರೀತಿಗಳೆಲ್ಲ ಬಹಳ ಸಣ್ಣವು ಎನಿಸಿಬಿಟ್ಟವು.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು, ಭುಜ ಅಲುಗತೊಡಗಿತು. ಮೇಡಂ ಗಾಬರಿಯಾಗಿ ನನ್ನನ್ನು ನೋಡಿ, ಇದು ಸಿಟ್ಟಿನ ಅಳುವೋ ಬೇರೆಯದೋ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ತಲೆ ಅಲ್ಲಾಡಿಸಿ, ಬೇರೇದು ಎಂದರು.

"ಹಂಗಾದ್ರೆ ಹೋಗ್ಲಾ, ಇರ್ಲಾ? ನೇರ ಹೇಳಕ್ಕ, ನಂಗೆ ತಿಳಿಯಲ್ಲ."

"ಇರು."

ಮೇಡಂ ಚಪ್ಪಲಿ ಬಿಟ್ಟು ಮೇಲೆ ಬಂದರು. ಅಕ್ಕನನ್ನು ತಬ್ಬಿಕೊಳ್ಳಲಿಲ್ಲ, ಕಣ್ಣೊರೆಸಲಿಲ್ಲ. ಪಕ್ಕದಲ್ಲಿ ಕೂತು ಮೊರ ಎಳೆದುಕೊಂಡು ಬೇಳೆ ಆರಿಸತೊಡಗಿದರು. ಆ ಬೇಳೆಯಲ್ಲಿ ಒಂದು ಕಲ್ಲೂ ಉಳಿದಿರಲಾರದು. ನಾನು ಚಹಾ ಕುಡಿದು ಒಬ್ಬಳೇ ಬಸ್ಸು ಹತ್ತಿ ಬಂದೆ.

ಸೋಮವಾರ ಮೇಡಂ ಕೆಲಸಕ್ಕೆ ಬರಲಿಲ್ಲ. ಫೋನ್ ಮಾಡಿದರೆ, ಅಕ್ಕ ಇರು ಅಂದಾಳೆ, ಎಷ್ಟು ದಿನ ಅಂತ ಹೇಳಿಲ್ಲ ಎಂದರು. ಸ್ಲೈಡುಗಳು ರಾಶಿ ಬಿದ್ದವು, ಲ್ಯಾಬಿನ ಯಜಮಾನರು ಕೂಗಾಡಿದರು, ಮಂಗಳವಾರವೂ ಬರಲಿಲ್ಲ, ಆ ವಾರ ಪೂರ್ತಿ ಬರಲಿಲ್ಲ. ಹೋಗು ಎನ್ನದೆ ತಂಗಿ ಹೊರಡುವುದಿಲ್ಲ ಎಂದು ಅಕ್ಕನಿಗೆ ಹೊಳೆದದ್ದು ಒಂಬತ್ತನೆಯ ದಿನ. ಹತ್ತನೆಯ ದಿನ ಬೆಳಿಗ್ಗೆ ಮೇಡಂ ಕಿವಿಗೆ ಹತ್ತಿ ಇಟ್ಟುಕೊಂಡು ತಮ್ಮ ಜಾಗದಲ್ಲಿದ್ದರು. ಏನಂದರು ಅಕ್ಕ ಎಂದು ಕೇಳಿದೆ. ನೋಟ್‌ಬುಕ್ ತೆಗೆದು, ಎರಡು ಸಲ ಹೇಳಿಸಿ ಬರೆದುಕೊಂಡದ್ದನ್ನು ಓದಿದರು:

"ನಾಳೆ ಕೆಲಸಕ್ಕೆ ಹೋಗು. ಭಾನುವಾರ ಬಾ. ಆಮೇಲೆ ಎಲ್ಲಾ ಭಾನುವಾರಾನೂ ಬಾ. ಮಧ್ಯ ನಂಗೆ ಸಿಟ್ಟು ಬಂದು ಏನಂದ್ರೂ ಬಾ."